ಮಿನಿಮಮ್ ಕಟ್ಟುತ್ತಲೇ ಇದ್ದರು, ಸಾಲ ಕರಗಲೇ ಇಲ್ಲ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಮೊದಲು ನನ್ನ ಹತ್ತಿರ ಸಲಹೆಗೆ ಬಂದವರು ಹೆಂಡತಿ. ಮಂಡ್ಯದ ಖಾಸಗಿ ಶಾಲೆಯೊಂದರಲ್ಲಿ ಟೀಚರ್. "ಫೋನ್ ಬಂದ್ರೆ ನಮ್ಮನೆಯವ್ರು ಹಿತ್ತಲಿಗೆ ಹೋಯ್ತಾರೆ ಮೇಡಂ. ಯಾರೋ ಇದ್ದಾರೆ ಅಂದ್ಕೊಂಡೆ" ಎಂದರು. ಯಾರೂ ಇರಲಿಲ್ಲ. ಫೋನ್ ಮಾಡುತ್ತಿದ್ದವರು ಕ್ರೆಡಿಟ್ ಕಾರ್ಡ್ ವಸೂಲಿಯವರು.

ಮುಂದಿನ ವಾರ ಗಂಡನೂ ಮೈಸೂರಿನ ನನ್ನ ಕೋಣೆಗೆ ಬಂದರು. ದಿನಾ ರೈಲಿನಲ್ಲಿ ಬಂದು ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವರು. ಕುಡಿತ, ಇಸ್ಪೀಟು ಏನೂ ಇಲ್ಲ. ತಂದೆಯನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ಅಡ್ವಾನ್ಸ್ ಕಟ್ಟಲು ಕ್ರೆಡಿಟ್ ಕಾರ್ಡನ್ನು ಎಟಿಎಂಗೆ ಹಾಕಿ 15,000 ರೂಪಾಯಿ ತೆಗೆದಿದ್ದರು. ಶುರುವಾಗಿದ್ದು ಅಲ್ಲಿಂದ. ಹಾಗೆ ತೆಗೆದಿದ್ದಕ್ಕೇ 500 ರೂಪಾಯಿ ಶುಲ್ಕ, ಅದರ ಮೇಲೆ 90 ರೂಪಾಯಿ ಜಿಎಸ್‌ಟಿ. ಬಡ್ಡಿಯೂ ಅದೇ ದಿನದಿಂದ.

"ಐವತ್ತು ದಿನ ಬಡ್ಡಿ ಇಲ್ಲ ಅಂದಿದ್ರಲ್ಲ ಮೇಡಂ?"

ನಗದು ತೆಗೆದರೆ ಆ ಸೌಲಭ್ಯ ಒಂದು ದಿನಕ್ಕೂ ಇಲ್ಲ. ಸಾಮಾನು ಕೊಂಡರೆ ಇದೆ, ಆದರೆ ಬಿಲ್ ಪೂರ್ತಿ ಕಟ್ಟಿದವರಿಗೆ ಮಾತ್ರ. ಇವರು ಪ್ರತಿ ತಿಂಗಳೂ 'ಮಿನಿಮಮ್ ಡ್ಯೂ', ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಅಷ್ಟೇ ಕಟ್ಟುತ್ತಿದ್ದರು. ಬಾಕಿ ಉಳಿದಿರುವಾಗ ಅದೇ ಕಾರ್ಡಿನಲ್ಲಿ ದಿನಸಿ ತಂದರೆ, ತಂದ ದಿನದಿಂದಲೇ ಅದಕ್ಕೂ ಬಡ್ಡಿ.

ಒಂದು ಹಾಳೆ ತೆಗೆದು ಲೆಕ್ಕ ಹಾಕಿದೆವು. ಬಾಕಿ 80,000. ಬಡ್ಡಿ ತಿಂಗಳಿಗೆ ಶೇಕಡಾ 3.5, ಅಂದರೆ 2,800. ಬಡ್ಡಿಯ ಮೇಲೂ ಶೇಕಡಾ 18 ಜಿಎಸ್‌ಟಿ ಬೀಳುತ್ತೆ, ಅದು 504. ಇವರು ಕಟ್ಟುತ್ತಿದ್ದ ಮಿನಿಮಮ್ 4,000. ಹಾಗಾದರೆ ಅಸಲಿಗೆ ಹೋಗಿದ್ದೆಷ್ಟು? 696 ರೂಪಾಯಿ. ಹೆಂಡತಿ ಟೀಚರ್ ಅಲ್ವಾ, ನನಗಿಂತ ಮೊದಲೇ ಕಳೆದು ಹೇಳಿದರು. ಗಂಡ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ತಪ್ಪದೇ ಕಟ್ತಿದೀನಿ ಅಂತ ಧೈರ್ಯವಾಗಿದ್ದೆ" ಎಂದರು.

ಇದಕ್ಕಿಂತ ಕಣ್ಣಿಗೆ ಬೀಳದ ಇನ್ನೊಂದು ಸೋರಿಕೆ ಸಂಬಳದ ಖಾತೆಯಲ್ಲಿತ್ತು. ಬ್ಯಾಂಕು 50,000 ರೂಪಾಯಿ ಓವರ್‌ಡ್ರಾಫ್ಟ್ ಕೊಟ್ಟಿತ್ತು, ಅಂದರೆ ಖಾತೆಯಲ್ಲಿ ಹಣ ಮುಗಿದ ಮೇಲೂ ಅಷ್ಟರವರೆಗೆ ಸಾಲವಾಗಿ ತೆಗೆಯಬಹುದು. ಆ್ಯಪ್ ತೆರೆದರೆ ಬಳಸಬಹುದಾದ ಹಣದ ಜೊತೆಗೇ ಆ ಮಿತಿಯನ್ನೂ ಕೂಡಿಸಿ ತೋರಿಸುತ್ತೆ. ಇವರು ಅಷ್ಟೂ ತಮ್ಮದೇ ಅಂದುಕೊಂಡಿದ್ದರು. ಬಳಸಿದಷ್ಟು ಹಣಕ್ಕೆ, ಬಳಸಿದಷ್ಟು ದಿನಕ್ಕೆ ಬಡ್ಡಿ ಬೀಳುತ್ತಿತ್ತು. ಸಂಬಳ ಬಂದು ಹಳ್ಳ ಮುಚ್ಚುವುದು, ಹತ್ತನೇ ತಾರೀಖಿಗೆ ಮತ್ತೆ ಹಳ್ಳ. ಎರಡು ತಿಂಗಳು ಮಿತಿಯೂ ಮುಗಿದು ಕಾರ್ಡಿನ ಆಟೋ ಡೆಬಿಟ್ ಬೌನ್ಸ್ ಆಯಿತು. ಖಾತೆಯ ಕಡೆ ಬೌನ್ಸ್ ಶುಲ್ಕ, ಕಾರ್ಡಿನ ಕಡೆ ತಡವಾಗಿದ್ದಕ್ಕೆ ದಂಡ. ಒಂದೇ ತಪ್ಪಿಗೆ ಎರಡು ಕಡೆ ಏಟು. ಹಿತ್ತಲಿನ ಫೋನುಗಳು ಶುರುವಾಗಿದ್ದು ಆಗಲೇ.

ಗಂಡ ತಾವೇ ಯೋಚಿಸಿಕೊಂಡು ಬಂದಿದ್ದ ದಾರಿ: ಹೆಂಡತಿಯ ಸರ ಅಡ ಇಡುವುದು. ಚಿನ್ನದ ಸಾಲದ ಬಡ್ಡಿ ಕಾರ್ಡಿಗಿಂತ ಎಷ್ಟೋ ಕಡಿಮೆ, ಅದು ನಿಜ. ಆದರೆ ಒಂದು ವರ್ಷ ವಿಷಯ ಮುಚ್ಚಿಟ್ಟು, ಬಾಯಿ ಬಿಟ್ಟ ದಿನವೇ ಅವರ ಕತ್ತಿನ ಸರಕ್ಕೆ ಕೈ ಹಾಕುವುದು ನನಗೆ ಸರಿ ಕಾಣಲಿಲ್ಲ. ಹಾಗೇ ಹೇಳಿದೆ.

ಕಾರ್ಖಾನೆಯ ನೌಕರರ ಸಹಕಾರ ಸಂಘದಲ್ಲಿ ಕೇಳಿ ಅಂದೆ. ಅಲ್ಲಿ ಬಡ್ಡಿ ವರ್ಷಕ್ಕೆ ಶೇಕಡಾ 12. ಎರಡು ವರ್ಷಕ್ಕೆ 80,000 ತಗೊಂಡರೆ ಕಂತು ಸುಮಾರು 3,766. ಈಗ ಕಟ್ಟುತ್ತಿರುವ ಮಿನಿಮಮ್‌ಗಿಂತ ಕಡಿಮೆ! ಇದಕ್ಕೆ ಕೊನೆಯ ಕಂತು ಅಂತ ಒಂದಿದೆ. ತೊಡಕು ಇದ್ದದ್ದು ಜಾಮೀನಿನಲ್ಲಿ. ಜೊತೆ ಕೆಲಸದ ಇಬ್ಬರು ಸಹಿ ಹಾಕಬೇಕು. "ಮಾನ ಹೋಯ್ತದೆ ಮೇಡಂ" ಎಂದರು. ನಮ್ಮ ಎರಡು ಭೇಟಿ ಪೂರ್ತಿ ಆ ಮಾನದ ಬಗ್ಗೆಯೇ ನಡೆದವು. ಯಾರನ್ನು ಕೇಳಬೇಕು, ಎಷ್ಟು ಹೇಳಬೇಕು ಅಂತ ಹೆಂಡತಿಯ ಮುಂದೆಯೇ ಹೇಳಿ ಅಭ್ಯಾಸ ಮಾಡಿದರು.

ಉಳಿದ ಸಲಹೆ ಸಣ್ಣವು. ಓವರ್‌ಡ್ರಾಫ್ಟನ್ನು ಒಂದೇ ಸಲ ಮುಚ್ಚೋಕೆ ಆಗಲ್ಲ, ಮಿತಿಯನ್ನು ತಿಂಗಳಿಗೆ 5,000ದಂತೆ ಇಳಿಸಿ ಅಂತ ಬ್ಯಾಂಕಿಗೆ ಬರೆದು ಕೊಡಿ. ಸಾಲ ಬಂದ ದಿನವೇ ಕಾರ್ಡಿನ ಬಾಕಿ ಪೂರ್ತಿ ಕಟ್ಟಿ, ಮುಚ್ಚಲು ಅರ್ಜಿ ಹಾಕಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಬಾಕಿ ಇಲ್ಲದ ಕಾರ್ಡನ್ನು ಬ್ಯಾಂಕು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ಅವರೇ ಕೊಡಬೇಕು. ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ, ಇದ್ದಾರೆ. ವಿಚಾರಿಸಲು 14448ಕ್ಕೆ ಫೋನ್ ಮಾಡಬಹುದು.

ಜಾಮೀನು ಸಿಕ್ಕಿತು. ಮಗಳ ಶಾಲೆಯ ಫೀಸಿಗೆ ಓವರ್‌ಡ್ರಾಫ್ಟ್ ಮತ್ತೊಮ್ಮೆ ಮುಟ್ಟಿದರು, ಆದರೆ ಈ ಸಲ ಹೆಂಡತಿಗೆ ಹೇಳಿ. ಕಾರ್ಡ್ ಮುಚ್ಚಿದ ಸಂದೇಶ ಇನ್ನೂ ಬಂದಿಲ್ಲ. ಆಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಭಾನುವಾರ ಬಿಟ್ಟು ದಿನ ಎಣಿಸುತ್ತಿದ್ದಾರಂತೆ. ಮೊನ್ನೆಗೆ ಐದಾಗಿತ್ತು.