ಹೊಟ್ಟೆಯೊಳಗೆ ಗಾಳಿ ಹೋಗಲ್ಲ, ದಯವಿಟ್ಟು ಉಬ್ಬಿಸಬೇಡಿ

ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆ ಪಾಠ ಮಾಡುತ್ತೇನೆ, ಬೆಳಿಗ್ಗೆ ಯೋಗ ಹೇಳಿಕೊಡುತ್ತೇನೆ. ಹಾಗಾಗಿ ಉಸಿರಿನ ಬಗ್ಗೆ ಬರುವ ಪತ್ರಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಊರಿಂದ ಕೇಳುತ್ತವೆ. ಇವತ್ತು ಅದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ಉಸಿರನ್ನು ಹೊಕ್ಕುಳವರೆಗೂ ತುಂಬಿಸಿ ಅಂತ ನಮ್ಮ ಯೋಗ ಟೀಚರ್ ಹೇಳ್ತಾರೆ. ನಾನು ಹೊಟ್ಟೆ ಉಬ್ಬಿಸಿ ಉಬ್ಬಿಸಿ ಉಸಿರು ತಗೊಳ್ತೀನಿ. ಸ್ವಲ್ಪ ಹೊತ್ತಿಗೆ ತಲೆ ಸುತ್ತುತ್ತೆ, ಬೆರಳೆಲ್ಲ ಜುಮ್ ಅನ್ನುತ್ತೆ. ಅದು ಪ್ರಾಣಶಕ್ತಿ ಹರಿಯೋ ಲಕ್ಷಣ ಅಂತಾರೆ. ಹೌದಾ? (ದಾವಣಗೆರೆಯ ಓದುಗರು)

ಉತ್ತರ: ಅಲ್ಲ. ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಬೇಕು. ತಲೆ ಸುತ್ತುವುದನ್ನು ಶಕ್ತಿ ಎಂದು ಹೇಳಿ ಮುಂದುವರಿಸಲು ಹೇಳುವವರ ಹತ್ತಿರ ಕಲಿಯಬೇಡಿ. ಕಟುವಾಗಿ ಹೇಳುತ್ತಿದ್ದೇನೆ, ಗೊತ್ತು. ಆದರೆ ಇದೇ ಮಾತು ಕೇಳಿ ತರಗತಿಯಲ್ಲಿ ಕುಸಿದು ಬಿದ್ದವರನ್ನು ನಾನು ನೋಡಿದ್ದೇನೆ.

ಮೂಗಿನಿಂದ ಹೋದ ಗಾಳಿಗೆ ಇರುವ ಜಾಗ ಒಂದೇ, ಶ್ವಾಸಕೋಶ. ಅದರ ತುದಿ ಕತ್ತಿನ ಬುಡದಲ್ಲಿ, ಕಾಲರ್ ಮೂಳೆಗಿಂತ ತುಸು ಮೇಲೆ. ತಳ ಪಕ್ಕೆಲುಬಿನ ಗೂಡಿನೊಳಗೇ ಮುಗಿಯುತ್ತದೆ. ಅದರ ಕೆಳಗೆ ವಪೆ ಇದೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ (ಡಯಾಫ್ರಂ). ವಪೆ ದಾಟಿ ಉಸಿರು ಕೆಳಗೆ ಹೋಗುವುದಿಲ್ಲ, ಹೊಕ್ಕುಳದ ಮಾತಂತೂ ದೂರ.

ವಪೆ ಅಂದರೇನು ಅಂತ ಶಾಲೆಯಲ್ಲೇ ಓದಿರುತ್ತೀರಿ. ಅಲ್ಲಿ ಸರಿಯಾಗಿ ಹೇಳದ ಒಂದು ಸಂಗತಿ ಅದರ ಆಕಾರ. ಅದು ಬೋರಲು ಹಾಕಿದ ಬಟ್ಟಲಿನ ಹಾಗಿದೆ. ಅಂಚು ಮುಂದೆ ಎದೆಮೂಳೆಯ ತುದಿಗೆ, ಸುತ್ತ ಕೆಳಗಿನ 6 ಜೊತೆ ಪಕ್ಕೆಲುಬುಗಳಿಗೆ, ಹಿಂದೆ ಸೊಂಟದ ಮೇಲಿನ ಬೆನ್ನುಮೂಳೆಗಳಿಗೆ ಅಂಟಿಕೊಂಡಿದೆ. ಅದರ ಮೇಲೆ ಹೃದಯ ಕೂತಿದೆ, ಕೆಳಗೆ ಯಕೃತ್ತು, ಜಠರ. ಉಸಿರು ಎಳೆದಾಗ ಈ ಸ್ನಾಯು ಬಿಗಿಯಾಗಿ ಕೆಳಗಿಳಿಯುತ್ತದೆ. ಸುಮ್ನೆ ಕೂತಿದ್ದಾಗ ಒಂದೆರಡು ಸೆಂಟಿಮೀಟರ್, ದೀರ್ಘವಾಗಿ ಎಳೆದಾಗ ಅದಕ್ಕಿಂತ ಎಷ್ಟೋ ಜಾಸ್ತಿ. ಅದು ಇಳಿದಾಗ ಕೆಳಗಿನ ಅಂಗಗಳಿಗೆ ಎಲ್ಲಾದರೂ ಜಾಗ ಬೇಕಲ್ಲ? ಹಿಂದೆ ಬೆನ್ನುಮೂಳೆ, ಕೆಳಗೆ ಕಿಬ್ಬೊಟ್ಟೆಯ ಮೂಳೆ. ಹಾಗಾಗಿ ಮುಂದಕ್ಕೆ ಬರುತ್ತವೆ, ಹೊಟ್ಟೆ ಏಳುತ್ತದೆ. ಹೊಟ್ಟೆ ಏಳುವುದು ವಪೆಯ ಕೆಲಸದ ಫಲ ಅಷ್ಟೇ. ಹೊಟ್ಟೆಯನ್ನೇ ಮುಂದಕ್ಕೆ ದಬ್ಬಿದರೆ ಉಸಿರು ಜಾಸ್ತಿ ಬರಲ್ಲ.

ನಂಬಿಕೆ ಬರಲಿಲ್ಲವಾ? ಬಾಯಿ ಮುಚ್ಚಿ, ಬೆರಳಿಂದ ಮೂಗು ಹಿಡಿಯಿರಿ. ಈಗ ಹೊಟ್ಟೆ ಉಬ್ಬಿಸಿ. ಚೆನ್ನಾಗಿಯೇ ಉಬ್ಬುತ್ತದೆ. ಒಳಗೆ ಹೋದ ಗಾಳಿ ಎಷ್ಟು? ಏನೂ ಇಲ್ಲ. ಹೊಟ್ಟೆ ನೋಡಿ ಉಸಿರು ಅಳೆಯುವ ಟೀಚರುಗಳು ಇದನ್ನೊಮ್ಮೆ ಮಾಡಿ ನೋಡಲಿ.

ಹಾಗಾದರೆ ಏನು ಗಮನಿಸಬೇಕು? ಚಾಪೆ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕಿಡಿ. ಎರಡೂ ಅಂಗೈಗಳನ್ನು ಪಕ್ಕೆಲುಬಿನ ಕೆಳ ಅಂಚಿನ ಮೇಲಿಡಿ, ಹೆಬ್ಬೆರಳು ಬೆನ್ನಿನ ಕಡೆ, ಉಳಿದ ಬೆರಳು ಮುಂದೆ. ಮೊದಲು ಉಸಿರನ್ನು ನಿಧಾನವಾಗಿ ಪೂರ್ತಿ ಬಿಡಿ. ಆಮೇಲೆ ಅದಾಗಿಯೇ ಒಳಗೆ ಬರಲಿ. ಅಂಗೈಗಳು ಪಕ್ಕಕ್ಕೆ, ಒಂದರಿಂದ ಒಂದು ದೂರ ಸರಿಯುವುದು ಗೊತ್ತಾಗುತ್ತದೆ. ಹೆಬ್ಬೆರಳ ಕೆಳಗೆ ಬೆನ್ನು ಕೂಡ ತುಸು ಅಗಲವಾಗುತ್ತದೆ. ಹೊಟ್ಟೆಯೂ ಮೆಲ್ಲಗೆ ಏಳುತ್ತದೆ, ಏಳಲಿ. ಈ ಪಕ್ಕದ ಅಗಲಿಕೆ ಮುಖ್ಯ. ಹೊಟ್ಟೆಯ ಸ್ನಾಯುವಿನಲ್ಲಿ ತುಸು ಬಿಗಿ ಇದ್ದರೆ ಒಳಗಿನ ಅಂಗಗಳು ವಪೆಗೆ ಆಸರೆ ಕೊಡುತ್ತವೆ. ಆ ಆಸರೆ ಸಿಕ್ಕಾಗ ವಪೆ ತನ್ನ ಅಂಚಿಗೆ ಅಂಟಿದ ಪಕ್ಕೆಲುಬುಗಳನ್ನು ಎತ್ತಿ ಹೊರಕ್ಕೆ ಸರಿಸುತ್ತದೆ. ನೀವು ಹೊಟ್ಟೆಯನ್ನು ಬೇಕಂತಲೇ ಮುಂದೆ ದಬ್ಬಿದಾಗ ಆ ಆಸರೆಯೇ ಹೋಗುತ್ತದೆ. ಹೊಟ್ಟೆ ಉಬ್ಬುತ್ತದೆ, ಪಕ್ಕೆ ಅಲ್ಲಾಡುವುದಿಲ್ಲ.

ಇನ್ನು ತಲೆಸುತ್ತು. ಜಾಸ್ತಿ ಉಸಿರು ಎಳೆದರೆ ರಕ್ತಕ್ಕೆ ಜಾಸ್ತಿ ಆಮ್ಲಜನಕ ಸಿಗುತ್ತದೆ ಎಂಬ ನಂಬಿಕೆ ಎಲ್ಲೆಲ್ಲೂ ಇದೆ. ಆರೋಗ್ಯವಂತರಲ್ಲಿ ಸುಮ್ನೆ ಕೂತಿದ್ದಾಗಲೇ ಆಮ್ಲಜನಕದ ಮಟ್ಟ ಶೇ. 97-98ರ ಆಸುಪಾಸು ಇರುತ್ತದೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿ ನೀವೇ ನೋಡಿದ್ದೀರಿ. ಇನ್ನೆಷ್ಟು ತುಂಬುತ್ತೀರಿ? ಜೋರಾಗಿ ಉಸಿರಾಡಿದಾಗ ನಿಜವಾಗಿ ಬದಲಾಗುವುದು ಇಂಗಾಲದ ಡೈಆಕ್ಸೈಡ್. ಅದು ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ. ರಕ್ತದಲ್ಲಿ ಅದು ಕಡಿಮೆಯಾದರೆ ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ, ಮಿದುಳಿಗೆ ಹೋಗುವ ರಕ್ತ ಇಳಿಯುತ್ತದೆ. ರಕ್ತ ಕ್ಷಾರದ ಕಡೆ ವಾಲಿ ನರಗಳು ಕೆರಳುತ್ತವೆ, ಬೆರಳು, ತುಟಿ ಜುಮ್ ಅನ್ನುತ್ತವೆ. ನೀವು ಬರೆದ ಲಕ್ಷಣಗಳು ಇವೇ. ಅಂದರೆ ಶಕ್ತಿ ಹರಿಯುತ್ತಿದೆ ಎಂದು ನಿಮಗೆ ಹೇಳಿದ ಹೊತ್ತಿನಲ್ಲಿ ನಿಮ್ಮ ಮಿದುಳಿಗೆ ರಕ್ತ ಕಡಿಮೆಯಾಗಿತ್ತು.

ನಿಧಾನದ ಉಸಿರು ಯಾಕೆ ಒಳ್ಳೆಯದು ಎಂಬುದಕ್ಕೆ ಒಂದು ಲೆಕ್ಕ ಸಾಕು. ಒಂದು ಸಲ ಎಳೆಯುವ ಗಾಳಿ ಸುಮಾರು 500 ಮಿಲಿಲೀಟರ್. ಅದರಲ್ಲಿ 150ರಷ್ಟು ಮೂಗು, ಶ್ವಾಸನಾಳದಲ್ಲೇ ಉಳಿಯುತ್ತದೆ, ರಕ್ತಕ್ಕೆ ಆಮ್ಲಜನಕ ಸೇರುವ ಗಾಳಿಗೂಡುಗಳನ್ನು ಮುಟ್ಟುವುದೇ ಇಲ್ಲ. ನಿಮಿಷಕ್ಕೆ 12 ಸಲ ಉಸಿರಾಡಿದರೆ ಒಟ್ಟು 6 ಲೀಟರ್, ಅದರಲ್ಲಿ ಕೆಲಸಕ್ಕೆ ಬರುವುದು 4.2 ಲೀಟರ್. ಅದೇ 6 ಲೀಟರನ್ನು ನಾಯಿ ಏದುವ ಹಾಗೆ 24 ಸಣ್ಣ ಉಸಿರಲ್ಲಿ ಎಳೆದರೆ ಕೆಲಸಕ್ಕೆ ಬರುವುದು 2.4 ಲೀಟರ್ ಮಾತ್ರ. 6 ನಿಧಾನದ ಉಸಿರಲ್ಲಿ ಎಳೆದರೆ 5.1 ಲೀಟರ್. ಗಾಳಿ ಅಷ್ಟೇ, ಫಲ ಬೇರೆ. ಹಾಗಾಗಿಯೇ ನಿಧಾನವಾಗಿ ಉಸಿರಾಡುವವರಿಗೆ ಜಾಸ್ತಿ ಗಾಳಿ ಬೇಕಾಗುವುದಿಲ್ಲ.

ಎಳೆಯುವುದಕ್ಕಿಂತ ಬಿಡುವುದನ್ನು ಕಲಿಯಿರಿ. ಮಣಿಕಟ್ಟಿನ ನಾಡಿ ಹಿಡಿದು ಕೂತು ನೋಡಿ. ಉಸಿರು ಎಳೆಯುವಾಗ ಬಡಿತ ತುಸು ಚುರುಕು, ಬಿಡುವಾಗ ತುಸು ನಿಧಾನ. ಕೆಲವರಿಗೆ ಬೆರಳಿಗೇ ಸ್ಪಷ್ಟವಾಗಿ ಗೊತ್ತಾಗುತ್ತದೆ. ಎಣಿಕೆ 4ಕ್ಕೆ ಎಳೆದು 6ಕ್ಕೆ ಬಿಡಿ. ಬಿಟ್ಟಾದ ಮೇಲೆ ಗಬಕ್ಕನೆ ಗಾಳಿ ಎಳೆಯಬೇಕು ಅನ್ನಿಸಿದರೆ ಎಣಿಕೆ ನಿಮಗೆ ಜಾಸ್ತಿಯಾಯಿತು ಅಂತ ಅರ್ಥ, 3ಕ್ಕೆ 4 ಮಾಡಿಕೊಳ್ಳಿ. ಪಕ್ಕದ ಚಾಪೆಯವರ ಎಣಿಕೆ ನೋಡಬೇಡಿ.

ಪ್ರಶ್ನೆ: ಅಸ್ತಮಾ ಇದೆ. ಇನ್‌ಹೇಲರ್ ಚಟ ಆಗುತ್ತೆ, ಬಿಟ್ಟು ದಿನಾ ಅರ್ಧ ಗಂಟೆ ಕಪಾಲಭಾತಿ ಮಾಡಿ ಅಂತ ಒಬ್ಬರು ವಿಡಿಯೋದಲ್ಲಿ ಹೇಳಿದ್ದಾರೆ. ಬಿಡಬಹುದಾ? (ತುಮಕೂರಿನ ಓದುಗರು)

ಉತ್ತರ: ಬಿಡಬೇಡಿ. ಈ ಸಲಹೆ ಜೀವ ತೆಗೆಯಬಲ್ಲದು. ಅಸ್ತಮಾದಲ್ಲಿ ಗಾಳಿಕೊಳವೆಗಳ ಒಳಪದರ ಊದಿಕೊಂಡು ದಾರಿ ಕಿರಿದಾಗಿರುತ್ತದೆ. ಉಸಿರು ಎಳೆಯುವುದಕ್ಕಿಂತ ಬಿಡುವುದೇ ಕಷ್ಟ. ಅಂಥ ಎದೆಯಿಂದ, ಕಪಾಲಭಾತಿಯಲ್ಲಿ ಮಾಡುವ ಹಾಗೆ, ಗಾಳಿಯನ್ನು ಜೋರಾಗಿ ತಳ್ಳಿದರೆ ಆ ಕಿರಿದಾದ ಕೊಳವೆಗಳ ಮೇಲೆ ಇನ್ನಷ್ಟು ಒತ್ತಡ ಬಿದ್ದು ದಮ್ಮು ಏರಬಹುದು. ದಿನಾ ತಗೊಳ್ಳುವ ಇನ್‌ಹೇಲರ್ ಔಷಧಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಊತದ ಜಾಗಕ್ಕೆ ಹೋಗುತ್ತದೆ. ಅದು ಚಟವಲ್ಲ. ನಿಲ್ಲಿಸಿದರೆ ಊತ ಮತ್ತೆ ಬರುತ್ತದೆ, ಅದಕ್ಕೇ ಮತ್ತೆ ಬೇಕಾಗುತ್ತದೆ. ಔಷಧಿ ಜೊತೆಗೆ ನಿಧಾನದ ಉಸಿರಾಟ ಮಾಡಿ, ಸಂತೋಷ. ಔಷಧಿ ಕಡಿಮೆ ಮಾಡುವ ಮಾತನ್ನು ನಿಮ್ಮ ಡಾಕ್ಟರ್ ಮಾತ್ರ ಹೇಳಬೇಕು.

ಪ್ರಶ್ನೆ: ಉಡ್ಡಿಯಾನ ಬಂಧದಲ್ಲಿ ಹೊಟ್ಟೆ ಅಷ್ಟು ಒಳಗೆ ಹೋಗುವುದು ಹೇಗೆ? ಸ್ನಾಯು ಎಳೆಯಬೇಕಾ?

ಉತ್ತರ: ಎಳೆಯುವುದಲ್ಲ, ಸಡಿಲ ಬಿಡುವುದು. ಉಸಿರು ಪೂರ್ತಿ ಹೊರಹಾಕಿ, ಗಂಟಲು ಮುಚ್ಚಿ, ಎಳೆಯುವವರ ಹಾಗೆ ಪಕ್ಕೆಲುಬು ಅಗಲಿಸಿ. ಗಾಳಿ ಒಳಗೆ ಬರುವ ದಾರಿಯಿಲ್ಲ. ಎದೆಯೊಳಗೆ ಒತ್ತಡ ಇಳಿಯುತ್ತದೆ, ಸಡಿಲವಾದ ವಪೆ ಮೇಲಕ್ಕೆ ಸೇದಿಕೊಂಡು ಹೋಗುತ್ತದೆ, ಹೊಟ್ಟೆ ಅದರ ಹಿಂದೆ ಹೋಗುತ್ತದೆ. 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮ ಶುರು ಮಾಡಿದ ಸ್ವಾಮಿ ಕುವಲಯಾನಂದರು ಉಡ್ಡಿಯಾನವನ್ನೂ ಹೊಟ್ಟೆಯ ಸ್ನಾಯು ಹೊರಳಿಸುವ ನೌಲಿಯನ್ನೂ ಎಕ್ಸ್-ರೇ ತೆಗೆದು ನೋಡಿದರು, ಒಳಗಿನ ಒತ್ತಡ ಅಳೆದರು, ‘ಯೋಗ ಮೀಮಾಂಸಾ’ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ನೂರು ವರ್ಷದ ಹಿಂದೆ ಅವರು ಅಳತೆ ಮಾಡಿ ಮಾತಾಡಿದರು. ಇವತ್ತು ಅಳತೆ ಮಾಡದೆ ಮಾತಾಡುವವರಿಗೆ ಯಾವ ನೆಪವೂ ಇಲ್ಲ. ಬಿ.ಪಿ., ಹರ್ನಿಯಾ, ಗ್ಲುಕೋಮಾ ಇದ್ದವರು ಇದಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ಯೋಗಿಗಳು ಹೃದಯ ನಿಲ್ಲಿಸುತ್ತಾರಂತೆ?

ಉತ್ತರ: ಇಲ್ಲ. ಅಮೆರಿಕದ ಸಂಶೋಧಕರಾದ ವೆಂಗರ್, ಬಾಗ್ಚಿ ಮತ್ತು ದೆಹಲಿಯ ಡಾ. ಬಿ.ಕೆ. ಆನಂದ್ ಇದನ್ನು ಪರೀಕ್ಷಿಸಿ 1961ರಲ್ಲಿ ಪ್ರಕಟಿಸಿದರು. ಉಸಿರು ಕಟ್ಟಿ ಎದೆ ಬಿಗಿದಾಗ ನಾಡಿ ಕೈಗೆ ಸಿಗುತ್ತಿರಲಿಲ್ಲ, ಹೃದಯ ಬಡಿಯುತ್ತಲೇ ಇತ್ತು.

ಪ್ರಶ್ನೆ: ಯಾವಾಗಲೂ ಮೂಗಿನ ಒಂದು ಹೊಳ್ಳೆ ಕಟ್ಟಿರುತ್ತೆ. ಪ್ರಾಣ ಹರಿಯೋ ನಾಡಿಯ ದೋಷವಾ?

ಉತ್ತರ: ಕೆಲವು ಗಂಟೆಗೊಮ್ಮೆ ಹೊಳ್ಳೆ ಬದಲಾಗುತ್ತಿದ್ದರೆ ಸಹಜ. ಒಳಗಿನ ಮೆತ್ತನೆಯ ಪದರ ಸರದಿಯಲ್ಲಿ ಊದಿ ಇಳಿಯುತ್ತದೆ. ಸದಾ ಒಂದೇ ಕಡೆ ಕಟ್ಟಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ, ದೋಷ ಕಳೆಯುವವರಿಗಲ್ಲ.

ಪ್ರಶ್ನೆ: ಭ್ರಾಮರಿಯಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ಇದೆ. ಗುಂಯ್ ಅಂತ ನಾದ ಮಾಡಿದಾಗ ಮೂಗಿನ ಪಕ್ಕದ ಪೊಟರೆಗಳಿಂದ (ಸೈನಸ್) ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಅನಿಲ ಸುಮಾರು 15 ಪಟ್ಟು ಜಾಸ್ತಿ ಬರುವುದನ್ನು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ತೋರಿಸಿದರು. ಉಸಿರು ಬಿಡುವುದೂ ತಾನಾಗಿ ಉದ್ದವಾಗುತ್ತದೆ. ಸೈನಸ್ ವಾಸಿಯಾಗುತ್ತದೆ ಎಂದು ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡಿ.

ಪ್ರಶ್ನೆ: ನನಗೆ 8 ತಿಂಗಳು. ಕೂತಲ್ಲೇ ಉಸಿರು ಸಾಲದು ಅನ್ನಿಸುತ್ತೆ. ಕಪಾಲಭಾತಿ ಮಾಡಲಾ?

ಉತ್ತರ: ಬೇಡಮ್ಮ. ಕಪಾಲಭಾತಿ, ತಿದಿ ಒತ್ತಿದ ಹಾಗೆ ಜೋರಾಗಿ ಉಸಿರಾಡುವ ಭಸ್ತ್ರಿಕಾ, ಉಸಿರು ಹಿಡಿಯುವುದು ಯಾವುದೂ ಬೇಡ. ಗರ್ಭಕೋಶ ಬೆಳೆದಂತೆ ವಪೆ ಸುಮಾರು 4 ಸೆಂಟಿಮೀಟರ್ ಮೇಲೆ ಹೋಗಿರುತ್ತದೆ. ಅದಕ್ಕೆ ತಕ್ಕಂತೆ ಪಕ್ಕೆಲುಬು ಅಗಲವಾಗಿ, ನಿಮ್ಮ ದೇಹ ಮೊದಲಿಗಿಂತ ಜಾಸ್ತಿಯೇ ಉಸಿರಾಡುತ್ತಿದೆ. ಎಡಮಗ್ಗುಲಾಗಿ ಮಲಗಿ, ನಿಧಾನಕ್ಕೆ ಉಸಿರು ಬಿಡಿ. ಮಲಗಿದರೆ ಉಸಿರು ಕಟ್ಟುವುದು, ಎದೆ ನೋವು, ಇದ್ದಕ್ಕಿದ್ದಂತೆ ಏದುಸಿರು ಬಂದರೆ ನನಗೆ ಪತ್ರ ಬರೆಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.