ದಿನಾ ಒಂದು ಮುಖ ಬರೆದರೂ ಹೋಲಿಕೆ ಬರುತ್ತಿಲ್ಲ, ಏನು ಮಾಡಲಿ?

ಮೂರು ತಿಂಗಳಿಂದ ದಿನಕ್ಕೊಂದು ಮುಖ ಬರೆಯುತ್ತಿದ್ದೀರಿ, ಕಣ್ಣು ಮೂಗು ಅಚ್ಚುಕಟ್ಟಾಗಿ ಬರುತ್ತೆ, ಆದರೆ ಯಾರ ಮುಖ ಅಂತ ಮಾತ್ರ ಯಾರಿಗೂ ಗೊತ್ತಾಗಲ್ಲ ಅಂದಿದ್ದೀರಿ. ನನ್ನದೂ ಇದೇ ಪಾಡಾಗಿತ್ತು. ನೀವು ದಿನಾ ಫೋನಿನಲ್ಲಿ ಹೊಸ ಮುಖ ಹುಡುಕಿ, ಸೀದಾ ಕಣ್ಣಿನಿಂದ ಶುರು ಮಾಡುತ್ತೀರಿ ಅಂತ ನನ್ನ ಅನುಮಾನ.

ನಾನು ಒಂದು ಮಳೆಗಾಲ ಪೂರ್ತಿ ಅಪ್ಪನ ಮುಖ ಒಂದನ್ನೇ ಬರೆದೆ. ಊಟ ಮುಗಿಸಿ ಈಜಿಚೇರಿನಲ್ಲಿ ತೂಕಡಿಸುವಾಗ ದಿನಾ ಇಪ್ಪತ್ತು ನಿಮಿಷ. ಮೊದಲ ವಾರದ ಚಿತ್ರ ನೋಡಿ ಅಪ್ಪ, "ಇದು ನಮ್ಮಣ್ಣ ಅಲ್ವೇನೋ?" ಅಂದರು. ದೊಡ್ಡಪ್ಪನದು ಕೋಲುಮುಖ, ಅಪ್ಪನದು ಅಗಲ. ಮನೆತನದ ಮೂಗನ್ನು ಮುತುವರ್ಜಿಯಿಂದ ಬರೆದು, ತಲೆಯ ಆಕಾರವನ್ನೇ ತಪ್ಪಿಸಿದ್ದೆ.

ಹಳೆಯ ಚಿತ್ರಗಳ ಮೇಲೆ ಸ್ಕೇಲ್ ಇಟ್ಟು ನೋಡಿ. ನೆತ್ತಿಯಿಂದ ಗದ್ದದವರೆಗೆ ಅಳೆದರೆ ಕಣ್ಣು ಹೆಚ್ಚುಕಡಿಮೆ ಸರಿಅರ್ಧದಲ್ಲಿ ಬರಬೇಕು. ಕಲಿಯುವಾಗ ನಾವೆಲ್ಲ ಮೇಲೆ ಕೂರಿಸಿಬಿಡುತ್ತೇವೆ, ಹಣೆ ಕೂದಲು ನಮ್ಮ ಲೆಕ್ಕಕ್ಕೇ ಇರುವುದಿಲ್ಲ. ಇನ್ನೊಂದು ಲೆಕ್ಕ: ಕೂದಲಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗದ್ದ, ಮೂರೂ ಸಮಪಾಲು. ನಮ್ಮ ಶಿಲ್ಪಿಗಳು ವಿಗ್ರಹ ಕೆತ್ತಲು ಬಳಸುವ ಅಳತೆಯ ಪದ್ಧತಿ, ತಾಳಮಾನದಲ್ಲೂ ಮುಖವನ್ನು ಹೀಗೇ ಮೂರು ಪಾಲು ಮಾಡುತ್ತಾರೆ. ಆದರೆ ಇದು ದೇವರ ಮುಖದ ಅಳತೆ. ಮನುಷ್ಯರು ಎಲ್ಲೋ ಒಂದು ಕಡೆ ಇದನ್ನು ತಪ್ಪುತ್ತಾರೆ, ನೀವು ಹಿಡಿಯಬೇಕಾದದ್ದು ಆ ತಪ್ಪನ್ನೇ.

ಅಪ್ಪ ಮಲಗುವಾಗ ಹಲ್ಲಿನ ಸೆಟ್ ತೆಗೆದು ಲೋಟದಲ್ಲಿಡುತ್ತಿದ್ದರು. ಆಗ ಮೂರನೇ ಪಾಲು ಕುಗ್ಗಿ, ಗದ್ದ ಮೂಗಿನ ಹತ್ತಿರಕ್ಕೆ ಬರುತ್ತಿತ್ತು. ಇಪ್ಪತ್ತು ದಿನ ಅದನ್ನು ನೋಡಿಯೂ ನೋಡಿರಲಿಲ್ಲ, ನನ್ನ ಕೈ ಹಲ್ಲಿರುವ ಅಪ್ಪನನ್ನೇ ಬರೆಯುತ್ತಿತ್ತು. ಪೆನ್ಸಿಲ್ ಚಾಚಿ ಅಳೆದು ಅಷ್ಟನ್ನೇ ಗಿಡ್ಡ ಮಾಡಿದೆ. ಅಮ್ಮ ಅಡುಗೆಮನೆ ಬಾಗಿಲಿನಿಂದಲೇ ನಕ್ಕರು. ಅಪ್ಪನಿಗೆ ಸಿಟ್ಟು ಬಂತು, "ಸೆಟ್ ಹಾಕ್ಕೊಂಡಾಗ ಬರೆಯೋಕೆ ಏನಾಗಿತ್ತು?" ಅಂತ.

ಹಾಗಾಗಿ ಹದಿನೈದು ದಿನ ಒಂದೇ ಮುಖ ಬರೆಯಿರಿ. ಯಾರೂ ಕೂರದಿದ್ದರೆ ಕನ್ನಡಿ ಇದೆ. ಡಚ್ ಚಿತ್ರಕಾರ ರೆಂಬ್ರಾಂಟ್ ತಾನು ಸತ್ತ 1669ರಲ್ಲೂ ತನ್ನ ಮುಖ ಬರೆದುಕೊಂಡವನು. ಸೆಲ್ಫಿ ನೋಡಿ ಮಾತ್ರ ಬೇಡ, ಕ್ಯಾಮೆರಾ ಹತ್ತಿರವಿದ್ದಷ್ಟೂ ಮೂಗು ಉಬ್ಬುತ್ತೆ, ಕಿವಿ ಹಿಂದೆ ಸರಿಯುತ್ತೆ. ಮೊದಲ ಐದು ನಿಮಿಷ ಕಣ್ಣು ಮೂಗು ಮುಟ್ಟಲೇಬೇಡಿ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಕತ್ತಲು ಬೆಳಕಿನ ದೊಡ್ಡ ತುಂಡುಗಳು ಕಾಣುತ್ತವಲ್ಲ, ಅವನ್ನಷ್ಟೇ ಹಾಕಿ. 2ಬಿ, 4ಬಿ ಅನ್ನುವ ಮೆತ್ತನೆಯ ಎರಡು ಪೆನ್ಸಿಲ್ ಸಾಕು. ಬೆರಳಿನಿಂದ ಉಜ್ಜಿ ನಯ ಮಾಡುವ ಚಟ ಸದ್ಯಕ್ಕೆ ಬಿಡಿ, ತಪ್ಪೆಲ್ಲ ಅದರಡಿ ಅಡಗಿಕೊಳ್ಳುತ್ತೆ.

ಬೆಂಗಳೂರಿನವರಾದರೆ ಜನವರಿಯ ಚಿತ್ರಸಂತೆಯಲ್ಲಿ, ಕುಮಾರಕೃಪಾ ರಸ್ತೆ ಬದಿ ಕೂತು ಮುಖ ಬರೆದುಕೊಡುವವರ ಬೆನ್ನ ಹಿಂದೆ ಹತ್ತು ನಿಮಿಷ ನಿಲ್ಲಿ. ಅವರ ಕೈ ನೋಡಬೇಡಿ. ಹಾಳೆಯಿಂದ ಎಷ್ಟು ಸಲ ತಲೆ ಎತ್ತುತ್ತಾರೆ ಅಂತ ಎಣಿಸಿ.