ಗಡಿಯಾರ ಓಡಿದ್ದು ಯಾವಾಗ?

ನಮಸ್ಕಾರ.

ನೀವು ಕಳಿಸಿದ ‘ನಾ ಕಂಡ ಮಹಾ ಪಂದ್ಯ’ ಓದಿದೆವು. 1992ರ ಮಾರ್ಚ್ 28ರಂದು ಫಿಲಡೆಲ್ಫಿಯಾದ ಸ್ಪೆಕ್ಟ್ರಮ್‌ನಲ್ಲಿ ಡ್ಯೂಕ್ ತಂಡ ಕೆಂಟಕಿಯನ್ನು ಓವರ್‌ಟೈಮಿನಲ್ಲಿ 104–103ರಿಂದ ಸೋಲಿಸಿದ ಕಾಲೇಜು ಬಾಸ್ಕೆಟ್‌ಬಾಲ್ ಆಟವನ್ನು ಹಾಸ್ಟೆಲಿನ ಟಿವಿಯಲ್ಲಿ ನೋಡಿದ ನೆನಪು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇವೆ.

ಬಾಸ್ಕೆಟ್‌ಬಾಲ್ ಹುಟ್ಟಿದ ಕಥೆ ಹೇಳುವ ಮೊದಲ ಎರಡು ಪುಟ ಕಿತ್ತುಹಾಕಿ. ಕೊನೆಯ ಹದಿನಾಲ್ಕು ಸೆಕೆಂಡಿನಿಂದ ಶುರು ಮಾಡಿ. ‘ರೋಚಕ’ ಎಂಬ ಪದ ಹನ್ನೊಂದು ಸಲ ಬಂದಿದೆ, ಹನ್ನೊಂದನ್ನೂ ಅಳಿಸಿ.

ಇನ್ನು ಅಸಲು ವಿಷಯ. 2.1 ಸೆಕೆಂಡ್ ಉಳಿದಿದ್ದಾಗ, ಒಂದು ಪಾಯಿಂಟ್ ಹಿಂದಿದ್ದ ಡ್ಯೂಕ್ ಎಸೆದ ಕೊನೆಯ ಪಾಸ್ ಗಾಳಿಯಲ್ಲಿದ್ದಾಗಲೇ ಅರ್ಧ ಸಮಯ ಕರಗಿತು ಎಂದು ಬರೆದಿದ್ದೀರಿ. ತಪ್ಪು. ಗೆರೆಯಾಚೆಯಿಂದ ಎಸೆದ ಚೆಂಡನ್ನು ಅಂಗಳದೊಳಗಿನ ಆಟಗಾರ ಮುಟ್ಟಿದ ಮೇಲೆಯೇ ಗಡಿಯಾರ ಓಡುವುದು. ಡ್ಯೂಕ್‌ನ ಗ್ರಾಂಟ್ ಹಿಲ್ ಎಸೆದ ಸುಮಾರು 75 ಅಡಿಯ ಪಾಸ್‌ಗೆ ಒಂದು ಕ್ಷಣವೂ ಖರ್ಚಾಗಲಿಲ್ಲ. ಅವನ ಜೊತೆಗಾರ ಕ್ರಿಶ್ಚಿಯನ್ ಲೇಟ್ನರ್ ಕೈಗೆ ಪೂರ್ತಿ 2.1 ಸೆಕೆಂಡ್ ಸಿಕ್ಕಿತು. ಅದಕ್ಕೇ ಆತ ಬುಟ್ಟಿಗೆ ಬೆನ್ನು ಮಾಡಿ ಚೆಂಡು ಹಿಡಿದು, ಬಲಕ್ಕೆ ಹೊರಟಂತೆ ಮಾಡಿ, ಒಮ್ಮೆ ನೆಲಕ್ಕೆ ಪುಟಿಸಿ, ಎಡಕ್ಕೆ ತಿರುಗಿ ಎಸೆದು ಗೆಲ್ಲಿಸಲು ಸಾಧ್ಯವಾಯಿತು. ನಿಮ್ಮ ಲೆಕ್ಕ ಹಿಡಿದರೆ ಆ ಪುಟಿತ ಹುಚ್ಚುತನ. ನಿಯಮ ಗೊತ್ತಿದ್ದವರಿಗೆ ಅದು ತಣ್ಣನೆಯ ತಲೆ. 75 ಅಡಿ ಎಂದರೆ ಕ್ರಿಕೆಟ್ ಪಿಚ್‌ಗಿಂತ ಒಂಬತ್ತು ಅಡಿ ಜಾಸ್ತಿ, ಅದನ್ನೂ ಹೇಳಿ, ನಮ್ಮ ಓದುಗರ ಕಣ್ಣಿಗೆ ತಕ್ಷಣ ಕಟ್ಟುತ್ತದೆ.

‘ಕೆಂಟಕಿ ಮೈಮರೆಯಿತು’ ಎನ್ನುವುದೂ ಸರಿಯಲ್ಲ. ಕೋಚ್ ರಿಕ್ ಪಿಟಿನೊ ಹಿಲ್ ಎದುರು ಯಾರನ್ನೂ ನಿಲ್ಲಿಸದೆ, ಆ ಒಬ್ಬನನ್ನು ಉಳಿಸಿ ಲೇಟ್ನರ್ ಹತ್ತಿರ ಜಾನ್ ಪೆಲ್ಫ್ರಿ, ಡೆರಾನ್ ಫೆಲ್ಡ್‌ಹೌಸ್ ಇಬ್ಬರನ್ನೂ ಇಟ್ಟರು. ಇದು ಮರೆವಲ್ಲ, ಆಯ್ಕೆ. ಅದಕ್ಕೆ ತೆತ್ತ ಬೆಲೆ ಏನೆಂದರೆ, ಮುಖದೆದುರು ಯಾರ ಕೈಯೂ ಇಲ್ಲದೆ ಹಿಲ್ ನೆಟ್ಟಗೆ ಗುರಿ ನೋಡಿದ. ಆದರೆ ಪಾಸ್ ಸುಲಭವೇನಲ್ಲ. ಅದೇ ಸೀಸನ್ನಿನಲ್ಲಿ ವೇಕ್ ಫಾರೆಸ್ಟ್ ತಂಡದ ವಿರುದ್ಧ ಹಿಲ್ ಎಸೆದ ಇಂಥದ್ದೇ ಉದ್ದನೆಯ ಪಾಸ್ ವಾಲಿ ಕೆಟ್ಟಿತ್ತು. ಈ ಮಾತು ನಿಮ್ಮಲ್ಲಿಲ್ಲ, ಇರಲೇಬೇಕು.

ಆ ಇಬ್ಬರೂ ಲೇಟ್ನರ್ ಮೈಮೇಲೆ ಬೀಳದೆ ಏಕೆ ಹಿಂದೆ ಸರಿದರು? ಉತ್ತರ ನಿಮ್ಮ ಮೂರನೇ ಪುಟದಲ್ಲೇ ಬೇರೆ ಯಾವುದೋ ನೆಪದಲ್ಲಿ ಬಿದ್ದಿದೆ. ಲೇಟ್ನರ್ ಅವತ್ತು ಹತ್ತಕ್ಕೆ ಹತ್ತು ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಸಿಗುವ, ಯಾರೂ ತಡೆಯದ ಎಸೆತ) ಹಾಕಿದ್ದ. ಅವನ ಮೇಲೆ ಫೌಲ್ ಮಾಡುವುದೆಂದರೆ ಪಾಯಿಂಟನ್ನು ತಟ್ಟೆಯಲ್ಲಿಟ್ಟು ಕೊಟ್ಟಂತೆ. 28 ಪಾಯಿಂಟ್ ಹೊಡೆದಿದ್ದ ಕೆಂಟಕಿಯ ಜಮಾಲ್ ಮ್ಯಾಶ್‌ಬರ್ನ್ ಕೊನೆಯ 14 ಸೆಕೆಂಡ್ ಉಳಿದಾಗ ಐದನೇ ಫೌಲ್ ಮಾಡಿ ಹೊರಬಿದ್ದದ್ದೂ ಲೇಟ್ನರ್ ಮೇಲೆಯೇ. ಆ ಎರಡು ಫ್ರೀ ಥ್ರೋ ಡ್ಯೂಕ್‌ಗೆ 102–101 ಮುನ್ನಡೆ ಕೊಟ್ಟವು, ಕೆಂಟಕಿಯ ಶಾನ್ ವುಡ್ಸ್ ಹಲಗೆಗೆ ತಾಗಿಸಿ ಹಾಕಿದ್ದು ಕೆಂಟಕಿಗೆ 103–102. ಇವನ್ನೆಲ್ಲ ಒಂದೇ ಪ್ಯಾರಾದಲ್ಲಿ ಕೂಡಿಸಿ, ಇದೇ ನಿಮ್ಮ ಲೇಖನದ ಬೆನ್ನೆಲುಬು.

ಸಣ್ಣ ತಪ್ಪುಗಳು: ‘ನಾಲ್ಕನೇ ಕ್ವಾರ್ಟರ್’ ಎಂಬುದು ಅಲ್ಲಿಲ್ಲ. ಪುರುಷರ ಕಾಲೇಜು ಆಟ 20 ನಿಮಿಷದ ಎರಡು ಭಾಗ. ಇದು ಫೈನಲ್ಲೂ ಅಲ್ಲ, ಪೂರ್ವ ವಲಯದ ಫೈನಲ್. ಗೆದ್ದವರಿಗೆ ಕೊನೆಯ ನಾಲ್ಕರಲ್ಲಿ ಜಾಗ. ಡ್ಯೂಕ್ ಪ್ರಶಸ್ತಿ ಗೆದ್ದದ್ದು ಆಮೇಲೆ, ಮಿಷಿಗನ್ ವಿರುದ್ಧ 71–51ರಿಂದ.

ಒಂದು ಸಂಗತಿ ನೀವು ಬಚ್ಚಿಟ್ಟಿದ್ದೀರಿ. ಎರಡನೇ ಭಾಗದಲ್ಲಿ ನೆಲಕ್ಕೆ ಬಿದ್ದಿದ್ದ ಕೆಂಟಕಿಯ ಅಮಿನು ಟಿಂಬರ್‌ಲೇಕ್ ಎದೆಯ ಮೇಲೆ ಲೇಟ್ನರ್ ಕಾಲಿಟ್ಟ. ಟೆಕ್ನಿಕಲ್ ಫೌಲ್ (ದುರ್ವರ್ತನೆಯ ದಂಡ) ಕೊಟ್ಟರು, ಹೊರಗೆ ಕಳಿಸಲಿಲ್ಲ. ಕಳಿಸಿದ್ದರೆ ಆ ಕೊನೆಯ ಎಸೆತವೇ ಇರುತ್ತಿರಲಿಲ್ಲ. ನೀವು ಡ್ಯೂಕ್ ಅಭಿಮಾನಿ, ಇರಲಿ ಬಿಡಿ. ಆದರೆ ಕೆಂಟಕಿ ಕಡೆಯವರು ಇಂದಿಗೂ ಮರೆಯದ ಆ ಹೆಜ್ಜೆಯನ್ನು ಬಿಟ್ಟರೆ ಆಟ ಬಲ್ಲವರು ನಿಮ್ಮನ್ನು ಅಲ್ಲೇ ಬಿಟ್ಟುಬಿಡುತ್ತಾರೆ.

ಕೆಂಟಕಿಯ ರೂಮ್‌ಮೇಟ್ ಮಾತಾಡದೆ ಕುರ್ಚಿ ಮಡಚಿಟ್ಟು ಹೋದ ಎಂಬ ಸಾಲು ಇಡೀ ಲೇಖನದಲ್ಲಿ ಅತ್ಯುತ್ತಮ. ಅದನ್ನು ಮುಟ್ಟಬೇಡಿ. ಅದರ ನಂತರದ ನಾಲ್ಕು ಪ್ಯಾರಾ ಬೇಡ.

ಒಂಬೈನೂರು ಪದ ಸಾಕು. ಲೇಟ್ನರ್ ಹೆಸರನ್ನು ಮೂರು ಬಗೆಯಲ್ಲಿ ಬರೆದಿದ್ದೀರಿ, ಎಲ್ಲ ಕಡೆ ಒಂದೇ ಮಾಡಿ.

– ಸಂಪಾದಕರು